ಲೋರ್ನಾ ಕಿಟೊಳ ಎಂಜಲು

ಗೀಲಾಂಗಿನ ಈ ಕೋಣೆಯಲ್ಲಿ ದೀಪ ಕೆಂಪು,
ಹಾಲಿನ ಬಣ್ಣ ಕಣ್ಣಿಗೆ ಚಾಡಿ ಹೇಳಬಾರದೆಂದು.
ಮೂಗಿಗೊಂದು ಕ್ಲಿಪ್ಪು,
ವಾಸನೆಯೂ ಬಾಯಿಬಿಡಬಾರದು.
ಉಳಿದದ್ದು ನಾಲಿಗೆ ಒಂದೇ,
ಕಟಕಟೆಯಲ್ಲಿ ನಿಂತ ಹಾಗೆ.

ಮೂರು ಲೋಟ. ಎರಡರಲ್ಲಿ ಬರೀ ಕೆನೆ ತೆಗೆದ ಹಾಲು,
ಒಂದರಲ್ಲಿ ಜಿಡ್ಡಿನ ಆಮ್ಲ, ಸೂಜಿಮೊನೆಯಷ್ಟು.
"ಬೇರೆಯದು ಯಾವುದು ಹೇಳಿ. ನುಂಗಬೇಡಿ, ಉಗುಳಿ."
ದಿನಕ್ಕೆ ನಲವತ್ತು ಸಲ ಇದನ್ನೇ ಹೇಳುವುದು
ನನ್ನ ಉದ್ಯೋಗ.

ಲೋರ್ನಾ ಕಿಟೊ, ಅರವತ್ತೊಂದು.
ಕಾರ್ಖಾನೆ ಬಾಗಿಲು ಹಾಕುವ ತನಕ
ಎಂಜಿನ್ನುಗಳಿಗೆ ಬೋಲ್ಟು ಬಿಗಿದವಳು.
ಕುರ್ಚಿಯ ಎರಡು ಕೈಗಳ ನಡುವೆ
ತನ್ನನ್ನು ತಾನೇ ಮಡಿಚಿಟ್ಟುಕೊಂಡು
ಮೊದಲು ಕ್ಷಮೆ ಕೇಳಿದಳು,
ಕುರ್ಚಿಗೆ.

ಮೊದಲ ಸುತ್ತು ತಪ್ಪು. ಎರಡನೆಯದೂ. ಐದನೆಯದೂ.

ಪಕ್ಕದ ಗೂಡಿನಲ್ಲಿ ತಮ್ಮ ಡೆನ್ಜಿಲ್, ಒಣಕಡ್ಡಿ,
ಮೊದಲ ಗುಟುಕಿಗೇ ಮುಖ ಕಿವುಚಿ
"ಇದೇ, ಥೂ, ಕಮಟು" ಅಂದ.
ಒಂದೇ ತಾಯಿ, ಒಂದೇ ಮೇಜು,
ಭಾನುವಾರ ಅದೇ ಹುರಿದ ಕುರಿ.
ಇವನು ಅಂಚಿನ ಕೊಬ್ಬು ಕತ್ತರಿಸಿ ಬದಿಗಿಟ್ಟರೆ
ಅವಳು ಅದನ್ನೂ ತನ್ನ ತಟ್ಟೆಗೆ ಎಳೆದುಕೊಳ್ಳುವವಳು.
ಅಮ್ಮ ಇವನನ್ನು ನಾಜೂಕು ಎಂದಳಂತೆ.
ತನ್ನನ್ನು ಏನೆಂದಳೋ,
ಐವತ್ತು ವರ್ಷದ ಮೇಲೂ
ಲೋರ್ನಾ ಅದನ್ನು ಬಾಯಿಂದ ಆಡಲಿಲ್ಲ.

ಆಮೇಲೆ ಕೊಳವೆ.
ಐದು ನಿಮಿಷ ಬಾಯಲ್ಲಿ ಊರಿದ್ದೆಲ್ಲ ಅದರೊಳಗೆ.
ಹೆಸರಿನ ಬದಲು ಅಂಕಿ ಅಂಟಿಸಿ
ಮಂಜುಗಡ್ಡೆಯ ಮೇಲಿಡುತ್ತೇನೆ.
ಎಂಜಲು ಮುಟ್ಟಿದೆಯಾ, ಕೈ ತೊಳಿ ಎಂದು ಬೆಳೆಸಿದವರು
ನನ್ನ ಸಂಬಳವೇ ಎಂಜಲಿನದೆಂದು ತಿಳಿದರೆ
ಫೋನಿಗೂ ನೀರು ಚಿಮುಕಿಸಿಯಾರು.

ಆ ಜೊಲ್ಲಿನಲ್ಲೊಂದು ಪುಟ್ಟ ಕತ್ತರಿ,
ಜಿಡ್ಡನ್ನು ಬಿಡಿಬಿಡಿಯಾಗಿ ತುಂಡರಿಸಿ ಕೊಡುತ್ತದೆ.
ನಾಲಿಗೆಯ ಮೊಗ್ಗಿನಲ್ಲೊಂದು ಬಾಗಿಲು,
ಬಂದ ಚೂರನ್ನು ಹಿಡಿದು ಒಳಗೆ ಸುದ್ದಿ ಮುಟ್ಟಿಸುತ್ತದೆ.
ಬಾಗಿಲು ಎಷ್ಟಿರಬೇಕೆಂದು ಬರೆದಿಟ್ಟ ಬರಹದಲ್ಲಿ
ಒಂದೇ ಒಂದು ಅಕ್ಷರ ಆಚೀಚೆ.
ಕೆಲವರಿಗೆ ಕದ ಅರ್ಧವೇ ತೆರೆದದ್ದು, ಕತ್ತರಿ ಮೊಂಡು;
ಸುದ್ದಿ ಹೊರಡುವಷ್ಟರಲ್ಲಿ
ತಟ್ಟೆ ಬರಿದು.

ಉಪ್ಪು ಹುಳಿ ಖಾರ ಸಿಹಿ ಕಹಿ ಒಗರು,
ಆರೆಣಿಸಿ ಕೈ ತೊಳೆದುಕೊಂಡಿತು ನನ್ನ ಭಾಷೆ.
ಕೊಬ್ಬಿಗೆ ರುಚಿ ಕೊಡಲಿಲ್ಲ, ಗುಣ ಕೊಟ್ಟಿತು.
"ಎಷ್ಟು ಕೊಬ್ಬು ನಿನಗೆ!"
ಎರಡನೇ ಚಮಚ ತುಪ್ಪಕ್ಕೆ ಕೈ ಚಾಚಿದ್ದಕ್ಕೆ
ಪಂಕ್ತಿಯ ಎಲ್ಲರೆದುರು ಸೋದರತ್ತೆ.
ನನಗಾಗ ಹನ್ನೊಂದು.
ಆ ಕೈ ಈಗಲೂ ಅರ್ಧಕ್ಕೆ ನಿಲ್ಲುತ್ತದೆ.

ಒಂಬತ್ತನೆಯ ಸುತ್ತಿಗೆ ಲೋರ್ನಾ ತಡೆದಳು.
ಮೂರನೆಯ ಲೋಟ.
"ಇದರಲ್ಲಿ... ಗೋಡೆಯಾಚೆ ಯಾರೋ ಕರೆದ ಹಾಗೆ."
ನಾನು ಗುರುತು ಹಾಕಿದೆ: ಸರಿ.
ಕ್ಲಿಪ್ಪು ತೆಗೆದು, ಮೂಗು ಉಜ್ಜಿಕೊಳ್ಳುತ್ತ ಕೇಳಿದಳು,
"ಹಾಗಾದರೆ ಅದು ಆಸೆಬುರುಕತನ ಆಗಿರಲಿಲ್ಲವಾ?"

ನನ್ನ ಕಾಗದದಲ್ಲಿ ಆ ಪ್ರಶ್ನೆಗೆ ಚೌಕವಿಲ್ಲ.
ಮೊಂಡು ನಾಲಿಗೆಯವರೆಲ್ಲ ದಪ್ಪವಿಲ್ಲ,
ಕೆಲವು ವಾರ ಜಿಡ್ಡು ಬಿಟ್ಟರೆ ನಾಲಿಗೆ ಮತ್ತೆ ಮೊನೆಯಾದೀತು,
ರಾತ್ರಿ ಪಾಳಿಯವರಿಗೆ ಆ ಹೊತ್ತಲ್ಲಿ ಸಿಗುವುದು
ಹುರಿದದ್ದೇ, ಅಗ್ಗದ್ದೇ.
ಇಷ್ಟನ್ನೂ ಹೇಳಬಹುದಿತ್ತು.
"ಹೊರಗೆ ಬಿಸಿಲಿದೆ, ನೀರು ಕುಡಿಯಿರಿ" ಎಂದೆ.

ಸಂಜೆ ಕೊಲ್ಲಿಯ ದಂಡೆಯಲ್ಲಿ ಕಂಡರು ಅಕ್ಕ ತಮ್ಮ,
ನಡುವೆ ಚಿಪ್ಸಿನ ಪೊಟ್ಟಣ,
ಎಣ್ಣೆ ಕುಡಿದ ಕಾಗದದೊಳಗಿಂದ
ಸೂರ್ಯ ಮಸುಕಾಗಿ ಕಾಣುತ್ತಿತ್ತು.
ಅವನೊಂದು ತಿಂದು ತುಟಿ ಒರೆಸಿಕೊಂಡ.
ಅವಳು ಅವನ ಬಾಯನ್ನೇ ನೋಡುತ್ತ,
"ಹೇಳು, ನಿನಗೆ ಹೇಗಿರುತ್ತೆ ಅದು?"

ಡೆನ್ಜಿಲ್ ಬಾಯಿ ತೆರೆದ.
ಮುಚ್ಚಿದ.
ಕಡಲಹಕ್ಕಿ ಒಂದು ಹತ್ತಿರ ಬಂದು
ಕತ್ತು ಓರೆ ಮಾಡಿ ಕಾಯುತ್ತಿತ್ತು.